ಟಬ್ಬಿನಲ್ಲಿ ಎದ್ದ ಜೊಂಡು

ನನ್ನ ಮಕ್ಕಳ ಅಪ್ಪನಿಗೆ,

ಸತ್ತವರನ್ನು ಕ್ಷೇಮವೇ ಎಂದು ಕೇಳಿದರೆ ಜನ ನಕ್ಕಾರು, ನೇರ ವಿಷಯಕ್ಕೇ ಬರುತ್ತೇನೆ. ನೀವು ಚಾಪೆಗೆ ಜೊಂಡು ಕೊಯ್ಯುತ್ತಿದ್ದ ಜೌಗಿಗೆ ಕಲ್ಲುಮಣ್ಣು ಸುರಿದು ಮುಚ್ಚಿದರಲ್ಲ, ಅದರ ಮೇಲೇ ಈಗ ನಮ್ಮ ಮನೆ. ಹಿತ್ತಿಲಲ್ಲಿ ಪಾಯಿಖಾನೆ ಗುಂಡಿ ತೋಡಿದಾಗ ಆಳದಿಂದ ಕಪ್ಪು ಕೆಸರು ಬಂತು. ಹಳೇ ಟಬ್ಬಿಗೆ ತುಂಬಿ ಮೆಣಸಿನ ಸಸಿ ಇಟ್ಟೆ. ನೀರು ನಿಂತು ಮೆಣಸು ಕೊಳೆಯಿತು, ಬದಲಿಗೆ ಏನೋ ಹಸಿರು ಎದ್ದಿತು. ಮುರಿದು ಮೂಸಿದರೆ ಜೊಂಡು!

"ಅತ್ತೆ, ಕಳೆ ಅದು, ಕಿತ್ತು ಬಿಸಾಕಿ," ಅಂದಳು ಸೊಸೆ.

"ನಿನ್ನ ಗಂಡ ಹುಟ್ಟಿದ್ದೇ ಇದರ ಚಾಪೆ ಮೇಲೆ. ಕಳೆ ಅಂತೆ ಕಳೆ!"

"ಇಷ್ಟು ವರ್ಷ ಮಣ್ಣಡಿ ಹೇಗ್ರೀ ಬದುಕ್ತು?"

ನಾನೂ ಅದನ್ನೇ ಯೋಚಿಸಿದೆ. ಬೀಜ ಉದುರುವ ತನಕ ನೀವು ಜೊಂಡಿಗೆ ಕುಡುಗೋಲು ತಾಗಿಸುತ್ತಿರಲಿಲ್ಲ. ಸೋಮಾರಿ ಎಂದು ನಾನು ನಿಮ್ಮನ್ನು ಬಯ್ಯುತ್ತಿದ್ದೆ, ನೀವು ನಗುತ್ತಿದ್ದಿರಿ. ಆ ಬೀಜಗಳೇ ಇರಬೇಕು. ನಿನ್ನೆ ಟಬ್ಬಿಗೆ ಕಪ್ಪೆಯೂ ಬಂದಿದೆ, ವಿಳಾಸ ಯಾರು ಕೊಟ್ಟರೋ!

ನಾಳೆ ಹಿತ್ತಿಲಿಗೆಲ್ಲ ಸಿಮೆಂಟು ಹಾಕಲು ಮೇಸ್ತ್ರಿ ಬರುತ್ತಾನೆ. ಬಚ್ಚಲ ನೀರು ಹರಿಯುವ ಮೂಲೆ ಬಿಡದಿದ್ದರೆ ಹಸಿ ಸಿಮೆಂಟಿನ ಮೇಲೇ ಕೂರುತ್ತೇನೆ ಎಂದು ಅಳತೆಗೆ ಬಂದಾಗಲೇ ಅವನಿಗೆ ಹೇಳಿದ್ದೇನೆ. ಹೆದರಿ ಒಪ್ಪಿದ್ದಾನೆ. ಜೊಂಡನ್ನು ಅಲ್ಲಿಗೆ ನೆಡುತ್ತೇನೆ.

ಆದರೆ ಚಾಪೆಗೆ ಆಗಲು ಅದು ಎಷ್ಟೆತ್ತರ ಬೆಳೆಯಬೇಕು? ನೀವು ಪಕ್ಕದಲ್ಲೇ ಕೂತು ಹೆಣೆಯುತ್ತಿದ್ದಿರಿ, ನಾನು ಒಮ್ಮೆಯೂ ಕೇಳಲಿಲ್ಲ.