ಸೋಮವಾರದ ಹಿಂಬಾಗಿಲು

7 ಅಕ್ಟೋಬರ್ 2024, ಸೋಮವಾರ

ಮ್ಯೂಸಿಯಂಗೆ ರಜೆ. ನನಗಿಲ್ಲ. ಎಂಟೂವರೆಗೆ ಬೀಗ ತೆಗೆದೆ, ಬಕೆಟ್ ಖಾಲಿ ಮಾಡಿದೆ. ಎರಡನೇ ಕೋಣೆ ಮತ್ತೆ ಸೋರಿದೆ. ಮೇಲಿನವರಿಗೆ ಮೂರು ಅರ್ಜಿ ಹಾಕಿ ಆಯಿತು. ಸುರಪುರ ಎಲ್ಲಿದೆ ಅಂತಲೇ ಅವರಿಗೆ ಗೊತ್ತಿಲ್ಲ, ಕಾಣುತ್ತದೆ.

ಹತ್ತಕ್ಕೆ ಹಿಂಬಾಗಿಲಿಗೆ ಗೊಲ್ಲಾಳಮ್ಮ ಬಂದಳು. ಎರಡೂ ಕಣ್ಣಿಗೆ ಪೊರೆ. ಕೈಹಿಡಿದು ಕರೆತಂದ ಮೊಮ್ಮಗಳು ಉಮಾಶ್ರೀ ಹೊರಗೇ ಮೊಬೈಲ್ ನೋಡುತ್ತ ನಿಂತಳು, ಎಂದಿನಂತೆ.

ಈ ಪದ್ಧತಿ ಮೌನಪ್ಪ ಮಾಸ್ತರರದು. ತೊಂಬತ್ತೆಂಟರಲ್ಲಿ ಸುರಪುರ, ರಂಗಂಪೇಟೆಯ ಮನೆ ಮನೆ ತಿರುಗಿ, ಅಟ್ಟದ ಮೇಲಿದ್ದ ಹಳೆಯ ಚಿತ್ರ ಬೇಡಿ ತಂದು ಈ ಮ್ಯೂಸಿಯಂ ಮಾಡಿದವರು. "ಚಿತ್ರ ಇಲ್ಲಿರ್ತದ, ಆದ್ರ ನಿಮ್ದ" ಅಂತ ಮಾತು ಕೊಟ್ಟಿದ್ದರು. ಅದಕ್ಕೇ ಚಿತ್ರ ಕೊಟ್ಟವರಿಗೆ ಸೋಮವಾರ ಹಿಂಬಾಗಿಲು ತೆರೆದಿರುತ್ತದೆ. ಮನೆಯ ಮದುವೆಯ ಮೊದಲ ಕಾರ್ಡು ಚಿತ್ರದ ಮುಂದೆ ಇಡುತ್ತಾರೆ. ಮಹಾನವಮಿಗೆ ಅವರವರ ಚಿತ್ರದ ಗಾಜು ಅವರವರೇ ಒರೆಸುತ್ತಾರೆ.

ಗೊಲ್ಲಾಳಮ್ಮನದು ಎರಡನೇ ಕೋಣೆಯ ಪಾರ್ವತಿ ಚಿತ್ರ. ಗೊಲ್ಲಾಳಮ್ಮನನ್ನು ಹೆತ್ತು ತಾಯಿ ತೀರಿಕೊಂಡಳು. ಚಿತ್ರಗಾರನಾಗಿದ್ದ ತಂದೆ ದೇವಿಗೆ ಹೆಂಡತಿಯ ಮುಖ ಬರೆದ. ತಾಯಿಯದು ಬೇರೆ ಫೋಟೋ ಇಲ್ಲ.

"ತಮ್ಮಾ, ನಮ್ಮವ್ವ ಹ್ಯಾಂಗ ಅದಾಳ ಇವತ್ತ?"

"ನಗಾಕತ್ತಾಳ ಯವ್ವಾ."

ಆರು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ.

"ನವಮಿಗೆ ನನಗ ಬರಾಕ ಆಗಂಗಿಲ್ಲ. ನನ್ನ ಪಾಲಿಂದು ನೀನ ಒರಸಿಬಿಡು."

11 ಅಕ್ಟೋಬರ್, ಮಹಾನವಮಿ

ಗಾಜು ಒರೆಸಿದೆ. ಬಿಳಿ ಹೋಗಲಿಲ್ಲ — ಬೂಷ್ಟು ಒಳಗಿತ್ತು, ಸೋರಿದ ನೀರಿನದು. ಅವಳ ಅವ್ವನ ಗಲ್ಲದ ಮೇಲೇ. ಹಾಗೇ ಬಿಡಲು ಮನಸ್ಸಾಗಲಿಲ್ಲ. ಚೌಕಟ್ಟು ಬಿಚ್ಚಿದೆ. ಬಟ್ಟೆ ಒದ್ದೆ ಮಾಡಿ, ಮೆಲ್ಲಗೆ...

ಬಟ್ಟೆ ಕೆಂಪಾಯಿತು.

ಹಳೆಯ ಬಣ್ಣ ಗೋಂದಿನಲ್ಲಿ ಕಲಸಿದ್ದು, ನೀರು ತಾಗಿಸಬಾರದು — ಶಾಲೆಯ ಮಕ್ಕಳು ಬಂದಾಗಲೆಲ್ಲ ನಾನೇ ಹೇಳುತ್ತೇನೆ. ಇಪ್ಪತ್ತಾರು ವರ್ಷ ಹೇಳಿದ್ದೇನೆ. ಕೈಗೆ ಮಾತ್ರ ನವಮಿಗೆ ಒರೆಸುವುದಷ್ಟೇ ನೆನಪಿತ್ತು.

ಕಿರೀಟ ಇದೆ. ಬಂಗಾರದ ರೇಕು ಇದೆ. ಮುಖವಿಲ್ಲ.

ಅದೇ ದಿನ, ಸಂಜೆ

ಹೆಂಡತಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಖಾಜಾಬೀಯ ಕೈ ನಿಂತಿತು. "ಕಿಸೀಕೂ ನಕ್ಕೋ ಬೋಲೋ." ಯಾರಿಗೂ ಹೇಳಬೇಡಿ. ದೇವಿಯ ಮುಖ. ಅಳಿಸಿದವನ ಹೆಸರು ಸುಲ್ತಾನಸಾಬ. ಹೆದರಿಕೆ ಅವಳೊಬ್ಬಳದಲ್ಲ, ನನ್ನದೂ ಹೌದು.

14 ಅಕ್ಟೋಬರ್, ಸೋಮವಾರ

ಎರಡನೇ ಕೋಣೆಗೆ 'ರಿಪೇರಿ' ಬೋರ್ಡು ಹಾಕಿದ್ದೇನೆ.

"ಹ್ಯಾಂಗ ಅದಾಳ?"

"ನಗಾಕತ್ತಾಳ."

ಎಷ್ಟು ಸಲೀಸಾಗಿ ಬಂತು! ನನ್ನ ಮೇಲೇ ಹೇಸಿಗೆಯಾಯಿತು.

11 ನವೆಂಬರ್, ಸೋಮವಾರ

ಇದು ಐದನೇ ಸೋಮವಾರ. ಇನ್ನೂ ಹೇಳಿಲ್ಲ.

ಗೊಲ್ಲಾಳಮ್ಮ ಕುಣಿಯುವುದೊಂದು ಬಾಕಿ. ಶಹಾಪುರದ ಶಿಬಿರದಲ್ಲಿ ಕಣ್ಣಿನ ಆಪರೇಷನ್, ಹೆಸರು ಬರೆಸಿದ್ದಾರಂತೆ.

"ಪಟ್ಟಿ ಬಿಚ್ಚಿದ ಮ್ಯಾಲ ಮೊದಲ ನಮ್ಮವ್ವನ್ನ ನೋಡಾಕಿ ನಾ. ಮೊಮ್ಮಗಳ ಮಾರಿ ಆಮ್ಯಾಲ."

"ಛಲೋ ಆತು ಯವ್ವಾ" ಅಂದೆ. ನನ್ನ ಬಾಯಿಗೆ ಹುಳ ಬೀಳಲಿ.

20 ನವೆಂಬರ್

ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಬಸವಲಿಂಗನನ್ನು ಕರೆಸಿದೆ. ಹಳೆಯ ರೀತಿಯಲ್ಲಿ ಬರೆಯಬಲ್ಲವನು ನನಗೆ ಗೊತ್ತಿರುವ ಮಟ್ಟಿಗೆ ಅವನೊಬ್ಬನೇ. ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕುಂಚ ತೆಗೆದ.

"ಮಾರಿ ಹ್ಯಾಂಗಿತ್ತು ಹೇಳ್ರಿ, ಸಾಬ್ರ."

"ನಗಾಕತ್ತಿದ್ಲು."

"ಅದಲ್ರೀ. ಮೂಗು? ಹುಬ್ಬು? ಗದ್ದ?"

ಗೊತ್ತಿಲ್ಲ. ಆರು ವರ್ಷ ವಾರವಾರ ಗೊಲ್ಲಾಳಮ್ಮನ ಪಕ್ಕ ಕೂತು ಹೇಳಿದವನಿಗೆ ಗೊತ್ತಿಲ್ಲ! ಒಮ್ಮೆಯಾದರೂ ಸರಿಯಾಗಿ ನೋಡಿದ್ದೆನೇ? ಚಿತ್ರದ ಫೋಟೋ ಯಾರೂ ತೆಗೆಸಿಲ್ಲ. ರಿಜಿಸ್ಟರಿನಲ್ಲಿ ಮೌನಪ್ಪ ಮಾಸ್ತರರ ಕೈಬರಹ: 'ದೇವಿ ಚಿತ್ರ, ಒಂದು. ಸುಸ್ಥಿತಿ.' ಅಷ್ಟೇ.

"ಯಾರದರೆ ಮಾರಿ ಬರದು, ಇಕಿನ ನಿಮ್ಮವ್ವ ಅನ್ನಲೇನ್ರಿ?" ಬಸವಲಿಂಗ ಕುಂಚ ಒಳಗಿಟ್ಟು ಹೋದ.

2 ಡಿಸೆಂಬರ್, ಸೋಮವಾರ, 9.40

ನಿನ್ನೆ ಪಟ್ಟಿ ಬಿಚ್ಚಿದ್ದಾರೆ. ಉಮಾಶ್ರೀ ಫೋನ್ ಮಾಡಿದ್ದಳು.

ಚಿತ್ರವನ್ನು ಅದರ ಜಾಗದಲ್ಲೇ ತೂಗುಹಾಕಿದೆ. ಮುಚ್ಚಿಲ್ಲ. ಬಾಗಿಲಲ್ಲೇ ಹೇಳಿಬಿಡುತ್ತೇನೆ, ಅವಳು ಒಳಗೆ ಕಾಲಿಡುವ ಮೊದಲೇ. ಖಾಜಾಬೀಗೂ ಹೇಳಿ ಬಂದಿದ್ದೇನೆ. ಜಗಳವಾಡಲಿಲ್ಲ. ಊಟಕ್ಕೆ ಬೇಗ ಬನ್ನಿ ಅಂದಳು.

10.05

ಬಂದಿದ್ದಾಳೆ. ಬಾಗಿಲ ಸಂದಿಯಿಂದ ಕಪ್ಪು ಕನ್ನಡಕ ಕಂಡಿತು. ಒಳಗಿನಿಂದಲೇ ಶುರು ಮಾಡಿದೆ — "ಯವ್ವಾ, ಒಂದ ಮಾತ..."

"ಇವತ್ತ ನೀ ಏನೂ ಹೇಳಬ್ಯಾಡ ತಮ್ಮಾ. ಭಾಳ ವರ್ಷ ಹೇಳಿದಿ, ನಿನ್ನ ಹೊಟ್ಟಿ ತಣ್ಣಗಿರಲಿ. ಇವತ್ತ ನಾನ ನೋಡ್ತೀನಿ. ಬಾಗಿಲ ತೆಗಿ."

ಕೀಲಿ ಹುಡುಕುತ್ತೇನೆ ಅಂತ ಸುಳ್ಳು ಹೇಳಿ ಇಲ್ಲಿ ಬಂದು ಕೂತಿದ್ದೇನೆ. ಕೀಲಿ ಕೈಯಲ್ಲೇ ಇದೆ. ಮತ್ತೆ ಕರೆಯುತ್ತಿದ್ದಾಳೆ. ಹೋಗಿ ಮೊದಲು ಹೇಳುತ್ತೇನೆ, ಬಾಗಿಲು ಆಮೇಲೆ.