ಎರಡನೇ ಶಾಲೆಯ ಹೆಡ್‌ಫೋನ್

ಮನೆಯಿಂದ,
ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಪ್ರತಿ ಸಲ ಬಾಯಿಮಾತಿಗೆ ಕೇಳುತ್ತಿದ್ದೆ, ಈ ಸಲ ನಿಜವಾಗಿ ಕೇಳುತ್ತಿದ್ದೇನೆ. ಅಮ್ಮನಿಗೆ ಮಂಡಿನೋವು ಕಮ್ಮಿ, ಬಾಯಿ ಜೋರು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಫೋನ್ ಮಾಡಿದರೆ ಭಾವ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಇದನ್ನು ನಿನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿಯುತ್ತೇನೆ, ಡಾಕ್ಟರು ರೋಗಿಯ ಬಗ್ಗೆ ರೆಕಾರ್ಡ್ ಮಾಡಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ ಎಂದಿದ್ದೆನಲ್ಲ. "ಕಣ್ಮುಚ್ಚಿ ಸೇರ್ಬೇಡ, ನಾಲ್ಕು ಕಡೆ ನೋಡು" ಎಂದವಳು ನೀನೇ. ನಾಲ್ಕು ಸಿಗಲಿಲ್ಲ, ಅದನ್ನು ಕಲಿಸುವ ಶಾಲೆ ಎರಡು ನೋಡಿದೆ. ಮೊದಲನೆಯದು ಗಾಜಿನ ಬಾಗಿಲು, ತಣ್ಣನೆಯ ಗಾಳಿ. ಮುಂದೆ ಕೂತ ಹುಡುಗಿ ಕೆಲಸ ಗ್ಯಾರಂಟಿ ಎಂದಳು, ಪಾಠ ಮಾಡುವವರು ಯಾರು ಎಂದರೆ ಕ್ಯಾಲೆಂಡರ್ ನೋಡಿದಳು. ಅಲ್ಲಿ ಕೇಳಿಸಿದ ರೆಕಾರ್ಡಿಂಗಿನ ಡಾಕ್ಟರಂತೂ ವಾರ್ತೆ ಓದುವವರ ಹಾಗೆ ತಿದ್ದಿ ತೀಡಿ ಓದುತ್ತಿದ್ದರು. ಎರಡನೆಯದು ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆ. ಮಾತಿನ ನಡುವೆ ನೀನಿರುವ ಊರಿನ ಹೆಸರು ಹೇಳಿದೆ. ಅಲ್ಲಿನ ಮೇಡಂ, "ನಿಜವಾದ ರೆಕಾರ್ಡಿಂಗ್ ಕೇಳಿಯೇ ಕಲೀಬೇಕಮ್ಮಾ. ನಿಮ್ಮಕ್ಕ ಇರೋ ಊರಿನ ದೊಡ್ಡಾಸ್ಪತ್ರೆ ಕೆಲ್ಸ ನಮಗೇ ಬರೋದು. ಹೆಸರು ಬಂದ ಕಡೆಯೆಲ್ಲ ಕುಂಯ್ ಅಂತ ಸದ್ದು ಹಾಕಿ ಮುಚ್ಚಿದೀವಿ" ಎಂದು ಹೆಮ್ಮೆಯಿಂದ ಹೇಳಿದರು. ಸೇರಿದರೆ ಇಲ್ಲೇ ಎಂದು ಆಗಲೇ ತೀರ್ಮಾನಿಸಿದೆ.

ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡಿಂಗ್ ಓಡಿಸಲು ಕಾಲ ಕೆಳಗಿನ ಪೆಡಲ್ ಒತ್ತಿದೆ. ಡಾಕ್ಟರು ಆಕಳಿಸುತ್ತ ಹೇಳುತ್ತಿದ್ದರು: ಕುಂಯ್, ಮೂವತ್ತೈದರ ಹೆಂಗಸು, ಟೈಲರ್, ಎಡಚಿ, ಎಡಗಾಲಿನ ಗಂಟಿನಲ್ಲಿ ಹಳೆಯ ಸ್ಟೀಲ್ ಪ್ಲೇಟು. ಥೇಟ್ ನಮ್ಮಕ್ಕ ಎಂದು ನಗು ಬಂತು. ಡಾಕ್ಟರು ಮುಂದುವರಿಸಿದರು: ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುತ್ತಾರೆ, ಈ ವರ್ಷ ಮೂರನೇ ಸಲ. ಕೇಳಿದ್ದಕ್ಕೆಲ್ಲ ಗಂಡನೇ ಉತ್ತರ ಕೊಡುತ್ತಾನೆ. ತೋಳಿನ ಮೇಲೆ ಬೆರಳುಗಳ ಗುರುತು, ಬಿದ್ದದ್ದರಿಂದ ಆದದ್ದಲ್ಲ. ಆಮೇಲೆ, ರೋಗಿಯ ಮಾತನ್ನು ಹೇಳಿದ ಹಾಗೇ ಟೈಪ್ ಮಾಡಿ ಎಂದರು: "ನಂಗೇನಾಗಿದೆ ಡಾಕ್ಟ್ರೇ, ಗುಂಡುಕಲ್ಲಿನ ಹಾಗಿದ್ದೀನಿ. ಬೇಕಾದ್ರೆ ನಮ್ಮಮ್ಮನ್ನ ಕೇಳಿ."

ಅಕ್ಕಾ, ಹೋದ ಭಾನುವಾರ ನನಗೂ ಅದನ್ನೇ ಹೇಳಿದೆಯಲ್ಲೇ! ಅದೇ ಗುಂಡುಕಲ್ಲು, ಅದೇ ಅಮ್ಮನ ಸಾಕ್ಷಿ. ಪೆಡಲಿನಿಂದ ಕಾಲು ತೆಗೆಯಲೂ ತೋಚದೆ ಮುಂದಿನ ರೋಗಿಯ ಸಕ್ಕರೆ ಕಾಯಿಲೆಯನ್ನು ಪೂರ್ತಿ ಕೇಳಿಸಿಕೊಂಡೆ. "ಯಾಕಮ್ಮಾ, ಮುಖ ಹೀಗೆ ಬಿಳಚಿಕೊಂಡಿದೆ?" ಎಂದು ಮೇಡಂ ನೀರು ಕೊಟ್ಟರು. ಹೇಳಿದೆ. "ಹೆಸರು ಮುಚ್ಚಿದ್ವಲ್ಲಮ್ಮಾ..." ಎನ್ನುತ್ತ ಅವರು ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಮತ್ತೆ ಕೇಳಿದರು. ಹೆಸರೊಂದನ್ನು ಬಿಟ್ಟು ನೀನು ಇಡಿಯಾಗಿ ಅದರಲ್ಲಿದ್ದೆ. ಬಚ್ಚಲಿಗೆ ಒರಟು ಚಾಪೆ ಹಾಸು ಎಂದು ನಿನಗೆ ಬುದ್ಧಿ ಹೇಳಿದ್ದೆನಲ್ಲ, ಅದನ್ನು ನೆನೆಸಿಕೊಂಡು ದಾರಿಯುದ್ದಕ್ಕೂ ಅತ್ತೆ. ಭಾವನ ಮೇಲೆ ಮೈಯೆಲ್ಲ ಉರಿಯುತ್ತಿದೆ. ನಿನ್ನ ಮೇಲೂ ಸಿಟ್ಟಿದೆ, ಅದನ್ನು ಎದುರಿಗೆ ಸಿಕ್ಕಾಗ ತೀರಿಸಿಕೊಳ್ಳುತ್ತೇನೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಅಕ್ಕನಿಗೆ ಬರೆಯುತ್ತಿದ್ದೇನೆ ಎಂದದ್ದಕ್ಕೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ ಎಂದು ಬರೆ, ನನ್ನ ಆಶೀರ್ವಾದವನ್ನೂ ತಿಳಿಸು ಎಂದಳು.

ನಿನ್ನ ತಲೆಹರಟೆ ತಂಗಿ

ತಾ.ಕ.: ಸೇರುವುದು ಟೈರ್ ಅಂಗಡಿಯ ಮೇಲಿನ ಶಾಲೆಗೇ. ಹೆಸರಿನ ಜೊತೆ ಉಳಿದ ಗುರುತುಗಳನ್ನೂ ತೆಗೆಸುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದಾರೆ. ಆದರೆ ಈ ತಿಂಗಳಲ್ಲ. ಅಲ್ಲಿಗೆ ಕಟ್ಟಬೇಕಿದ್ದ ದುಡ್ಡಿನಲ್ಲಿ ರೈಲು ಟಿಕೆಟ್ ತೆಗೆದಿದ್ದೇನೆ. ಬುಧವಾರ ನೀನು ಅಂಗಡಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿರುತ್ತೇನೆ. ಮನೆಯಲ್ಲಿ ಏನನ್ನೂ ಕಟ್ಟಿಕೊಳ್ಳಬೇಡ, ಭಾವನಿಗೆ ಗೊತ್ತಾಗುತ್ತದೆ. ಉಟ್ಟ ಬಟ್ಟೆಯಲ್ಲೇ ಬಾ. ಹೋಗಲು ಒಂದು ಟಿಕೆಟ್, ಬರಲು ಎರಡು.