ಅಕ್ಕನ ದನಿಗೆ ಗೋದಾಮು ಬಾಡಿಗೆ

ಹೊರದೇಶದ ಪಾರ್ಸಲ್‌ಗಳನ್ನು ತಡೆದು ಪರಿಶೀಲಿಸುವ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಮಾತು ಕಳೆದುಕೊಂಡ ನನ್ನ ಅಕ್ಕ ಫೋನಿನಲ್ಲಿ ಮಾತಾಡಲೇಬೇಕೆಂದು ಪಟ್ಟು ಹಿಡಿದದ್ದು ನಿಮ್ಮ ಕಚೇರಿ. ಅವಳು ಮಾತಾಡಲಿಲ್ಲವೆಂದು ಅವಳ ಮಾತಿನ ಯಂತ್ರವನ್ನೇ ಹಿಡಿದಿಟ್ಟುಕೊಂಡದ್ದೂ ನಿಮ್ಮದೇ ಕಚೇರಿ. ದೂರು ಇಷ್ಟೇ.

ನಮ್ಮದು ಆಳಂದ ತಾಲೂಕಿನ ಮಟಕಿ. ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಆಕೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಅಕ್ಕ ಸುಭದ್ರಾಬಾಯಿಗೆ ಎಂಥ ದನಿಯಿತ್ತೆಂದರೆ, ಜೇವರ್ಗಿ, ಅಫಜಲಪುರದ ನೆಂಟರೂ ತಮ್ಮ ತೊಟ್ಟಿಲಿಗೆ ಅವಳನ್ನೇ ಕರೆಯುತ್ತಿದ್ದರು. ಗಂಟಲಲ್ಲಿ ಗಡ್ಡೆಯಾಗಿ ವೈದ್ಯರು ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಈಗ ಅವಳು ಉಸಿರಾಡುವುದು ಕೊರಳಿನ ತೂತಿನಿಂದ. ಆಮೇಲೆ ನನಗೆ ಮಗಳು ಹುಟ್ಟಿದಳು.

ಕೊರಳಿಗೆ ಒತ್ತಿಕೊಂಡರೆ ತುಟಿಯ ಮಾತಿಗೆ ಸದ್ದು ಕೊಡುವ ಒಂದು ಯಂತ್ರವನ್ನು ವೈದ್ಯರು ತೋರಿಸಿದರು. ಅವರು ಹೇಳಿದ ಮಾದರಿ ಹೊರದೇಶದ ಅಂಗಡಿಯಲ್ಲಿ ಸಿಕ್ಕಿತು. ಅಕ್ಕನ ಹೆಸರಿಗೇ ಬರಲಿ, ಪೆಟ್ಟಿಗೆಯ ಮೇಲೆ ಅವಳ ಹೆಸರೇ ಇರಲಿ ಎಂದು ಆಸೆಪಟ್ಟು ಹಾಗೇ ಬರೆಸಿದೆ. ಅಕ್ಕರೆಯಿಂದ ಮಾಡಿದ ತಪ್ಪು.

ಕೊಳ್ಳುವಾಗ ಮೊಬೈಲು ತೋರಿಸಿದ್ದು ಒಂದೇ ಬೆಲೆ. ಆಮೇಲೆ ಸುಂಕ ಬಂತು, ಸುಂಕದ ಮೇಲೆ ತೆರಿಗೆ ಬಂತು, ತೆರಿಗೆ ಕಟ್ಟಿಸಿಕೊಂಡ ಉಪಕಾರಕ್ಕೆ ಸೇವಾಶುಲ್ಕ ಬಂತು. ಎಲ್ಲವನ್ನೂ ಕಟ್ಟಿದೆ. ಕಟ್ಟಿದ ಮೇಲೆ ನಿಮ್ಮವರು ಫೋನು ಮಾಡಿ, ಪಾರ್ಸಲ್ ಯಾರ ಹೆಸರಿಗೆ ಇದೆಯೋ ಅವರೇ ಮಾತಾಡಿ ದೃಢೀಕರಿಸಬೇಕು ಎಂದರು.

“ಆಕಿಗಿ ಮಾತಾಡಕ್ಕ ಬರಲ್ರಿ ಸಾಹೇಬ್ರ, ಮಾತಾಡ್ಲಿ ಅಂತನೇ ಆ ಮಷೀನ್ ತರಸಾಕತ್ತೀವ್ರಿ” ಎಂದೆ.

“ಅದೆಲ್ಲ ನಮಗೆ ಗೊತ್ತಿಲ್ಲ, ಅವರಿಗೆ ಕೊಡಿ.”

ಅಕ್ಕ ಫೋನನ್ನು ಕಿವಿಗಿಟ್ಟುಕೊಂಡಳು. ತುಟಿ ಆಡಿಸಿ ತನ್ನ ಹೆಸರು ಹೇಳಿದಳು, ಊರು ಹೇಳಿದಳು. ಆ ಕಡೆಯವರಿಗೆ ಏನು ಕೇಳಿಸೀತು? ದನಿ ಬರುತ್ತಿಲ್ಲ ಎಂದು ಇಟ್ಟುಬಿಟ್ಟರು. ಆಸ್ಪತ್ರೆಯ ಪತ್ರ ಕಳಿಸಿದೆ. ಪತ್ರ ಮಾತಾಡುವುದಿಲ್ಲವಲ್ಲ, ಅದೂ ನಡೆಯಲಿಲ್ಲ. ಪಾರ್ಸಲ್ ಬಿಡಿಸಿಕೊಳ್ಳದೆ ಗೋದಾಮಿನಲ್ಲಿ ಇಟ್ಟದ್ದಕ್ಕೆ ಬಾಡಿಗೆ ಬೇರೆ ಬೀಳತೊಡಗಿತು. ನಾವು ಬಿಡಿಸಿಕೊಳ್ಳಲಿಲ್ಲವೋ, ನೀವು ಬಿಡಲಿಲ್ಲವೋ?

ನಾವು ಹೆಸರಿಡುವುದನ್ನು ಮುಂದಕ್ಕೆ ಹಾಕುತ್ತಲೇ ಹೋದೆವು. ಮಗಳು ಮಗ್ಗಲು ಮಗುಚಿದಳು, ಕೂಡತೊಡಗಿದಳು. ಹೆಸರಿಲ್ಲದೆ ಇನ್ನೂ ಬರೀ ‘ಕೂಸು’. ಕೊನೆಗೆ ಅಕ್ಕನೇ ಕೈಸನ್ನೆ ಮಾಡಿ, ಸಾಕು, ತೊಟ್ಟಿಲು ಕಟ್ಟಿ ಎಂದಳು.

ಅಂದು ಅವಳು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಗೆ ಬಾಯಿ ಹಚ್ಚಿದಳು. ತುಟಿಗಳು ಆಡಿದವು. ಅವಳ ಉಸಿರು ಕೊರಳಿಂದ ಹೋಗುತ್ತದಲ್ಲ, ಕೂಸಿನ ಕಿವಿಗೆ ಉಸಿರೂ ತಾಗಲಿಲ್ಲ. ಅಕ್ಕ ಬಾಗಿಕೊಂಡೇ ಇದ್ದಳು. ಹೆಂಗಸರು ಯಾರೂ ಕೈ ಎತ್ತಲಿಲ್ಲ. ಆಗ ಪಕ್ಕದ ಮನೆಯ ಸರ್ವರಬೇಗಂ, “ಯಾಕ ಸುಮ್ನ ನಿಂತೀರಿ? ಅಕ್ಕೋರು ಹೆಸರು ಹೇಳ್ಯಾರ, ಗುದ್ರಿ!” ಎಂದು ತಾನೇ ಮೊದಲು ಮೆಲ್ಲಗೆ ಬೆನ್ನಿಗೆ ಗುದ್ದಿದಳು. ಆಮೇಲೆ ಎಲ್ಲರೂ ಗುದ್ದಿದರು. ಯಾರೂ ನಗಲಿಲ್ಲ. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಯಂತ್ರ ಅದಾದ ಮೇಲೆ ಬಂತು. ಏಕೆ ಬಿಟ್ಟಿರೋ ತಿಳಿಯದು. ಅಕ್ಕ ಈಗ ಅದನ್ನು ಕೊರಳಿಗೊತ್ತಿ ಹಾಲಿನವನನ್ನು ಕರೆಯುತ್ತಾಳೆ, ನನ್ನನ್ನು ಬೈಯುತ್ತಾಳೆ. ಕೂಸಿನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಕಿವ್ಯಾಗ ಹೇಳೂ ಹೊತ್ತಿಗಿ ಹೇಳಾಕ ಆಗ್ಲಿಲ್ಲಪ್ಪ. ಈಗ ಕೂಗಿ ಏನ್ ಮಾಡ್ಲಿ?” ಎಂದಳು.

ನನ್ನ ಬೇಡಿಕೆ ದೊಡ್ಡದಲ್ಲ. ಕೊಳ್ಳುವ ಮುನ್ನವೇ ಕೊಳ್ಳುವವರಿಗೆ ಪೂರ್ತಿ ಖರ್ಚು ಕಾಣುವಂತೆ ಮಾಡಿ. ಮಾತು ಬಾರದವರ ದನಿಗೆ ಬದಲಾಗಿ ಆಸ್ಪತ್ರೆಯ ಪತ್ರವನ್ನು ಒಪ್ಪಿಕೊಳ್ಳಿ. ಇನ್ನೊಂದು: ದೃಢೀಕರಣ ಬಾಕಿ ಇದೆ ಎಂದು ನಿಮ್ಮ ಸಂದೇಶ ಇಂದಿಗೂ ನನ್ನ ಮೊಬೈಲಿಗೆ ಬರುತ್ತಿದೆ. ಈಗ ಫೋನು ಮಾಡಿ. ಅಕ್ಕ ಮಾತಾಡುತ್ತಾಳೆ. ಹೆಸರು ಕೇಳಿ, ಹೇಳುತ್ತಾಳೆ. ವಿಳಾಸ ಕೇಳಿ, ಹೇಳುತ್ತಾಳೆ. ಮನೆಯ ಕೂಸಿನ ಹೆಸರೇನು ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಇಂತಿ,
ಪೆಟ್ಟಿಗೆಯ ಮೇಲೆ ತನ್ನ ಹೆಸರು ಬರೆಸದೆ ಕೆಟ್ಟ ತಮ್ಮ,
ಶಿವಪ್ರಕಾಶ, ಮಟಕಿ